ಅಯ್ಯನವರ ತಟ್ಟೆ

೮ ಫೆಬ್ರವರಿ ೨೦೦೪, ಭಾನುವಾರ. ಸಿಡ್ನಿ

ಈ ಡೈರಿ ಕೊಂಡದ್ದು ನಾನು ತಿಂದದ್ದನ್ನು ಬರೆದಿಡಲಿಕ್ಕೆ. ಅನ್ನ, ರೊಟ್ಟಿ, ಸಕ್ಕರೆ ಬಿಟ್ಟು ಎರಡು ವರ್ಷವಾಯಿತು. ನನ್ನ ಸಕ್ಕರೆ ಕಾಯಿಲೆ ಹತೋಟಿಗೆ ಬಂದಿದೆ, ಹಳೆಯ ಪ್ಯಾಂಟು ಸೊಂಟದಲ್ಲಿ ನಿಲ್ಲುತ್ತಿಲ್ಲ. ದಿನಾ ಅದನ್ನೇ ಬರೆದುಕೊಂಡು ದಿನಾ ಹಿಗ್ಗುತ್ತಿದ್ದೆ. ಇವತ್ತು ಬೇರೆಯದನ್ನು ಬರೆಯಬೇಕಾಗಿದೆ.

ಗ್ಲೆನ್‌ವುಡ್‌ನಲ್ಲಿ ಮೂರ್ತಿಯವರ ಹೊಸ ಮನೆಯ ಪ್ರವೇಶವಿತ್ತು. ಪೂಜೆಗೆ ಬಂದ ಅಯ್ಯನವರು ಎಂದರೆ ನಮ್ಮ ಚನ್ನಬಸಯ್ಯನೇ. ಧಾರವಾಡದ ಹಾಸ್ಟೆಲಿನಲ್ಲಿ ಒಂದೇ ರೂಮಿನಲ್ಲಿ ಇದ್ದವರು ನಾವು. ವಾರದ ಐದು ದಿನ ಅವನು ಸೆವೆನ್ ಹಿಲ್ಸ್‌ನ ಒಂದು ಗೋಡೌನಿನಲ್ಲಿ ನಿಂತು ಪೆಟ್ಟಿಗೆ ಜೋಡಿಸುತ್ತಾನೆ. ಅಲ್ಲಿ ಅವನ ಹೆಸರು ಚಾನ್. ಶನಿವಾರ, ಭಾನುವಾರ ಜಂಗಮ. ನಮ್ಮ ಕಡೆಯ ಲಿಂಗಾಯತರ ಮನೆಗಳಲ್ಲಿ ತೊಟ್ಟಿಲಿರಲಿ, ಗೃಹಪ್ರವೇಶವಿರಲಿ, ಅವನ ಪಾದಪೂಜೆ ಆದ ಮೇಲೆಯೇ ಊಟ.

ಇವತ್ತು ನೀರಿನ ತಂಬಿಗೆಯನ್ನು ನನ್ನ ಕೈಗೆ ಕೊಟ್ಟರು. ಒಂದೇ ಬಕೆಟ್ಟಿನಲ್ಲಿ ಬಟ್ಟೆ ಒಗೆದುಕೊಂಡ ಗೆಳೆಯನ ಕಾಲಿಗೆ ಬಗ್ಗುವುದೆಂದರೆ ನನಗೆ ಮೊದಲಿನಿಂದಲೂ ಮುಜುಗರ. ಬಗ್ಗಿದೆ. ಬಲಗಾಲಿನ ಕಿರುಬೆರಳ ಬುಡದಲ್ಲಿ ಹುಣ್ಣು ಇತ್ತು, ಅಂಚು ಕಪ್ಪಾಗಿತ್ತು. ತಲೆ ಎತ್ತಿ ನೋಡಿದರೆ ಅವನು ನನ್ನ ಕಣ್ಣು ತಪ್ಪಿಸಿ, ತಟ್ಟೆಯಲ್ಲಿದ್ದ ಒಂದು ದಾಸವಾಳವನ್ನು ತೆಗೆದು ಹುಣ್ಣಿನ ಮೇಲೆ ಇಟ್ಟುಕೊಂಡ. ಮೂರ್ತಿಯವರ ಹೆಂಡತಿ ಸಂಧ್ಯಾರಾಣಿ ಅದೂ ಒಂದು ಶಾಸ್ತ್ರವೆಂದು ತಿಳಿದು ಅದರ ಮೇಲೆ ಇನ್ನೊಂದು ಹೂವು ಏರಿಸಿದರು.

ಆಮೇಲೆ ಅವನು ಉಂಡದ್ದನ್ನು ನೋಡಬೇಕಿತ್ತು. ಹೋಳಿಗೆ, ಅದರ ಮೇಲೆ ತುಪ್ಪ, ಮತ್ತೆ ಹೋಳಿಗೆ, ಅನ್ನ, ಹಾಲು. ತಟ್ಟೆಗೆ ಬಿದ್ದದ್ದು ಪ್ರಸಾದ, ಬೇಡವೆನ್ನಬಾರದು, ಬಿಡಬಾರದು ಎಂಬುದು ಅವನ ತಂದೆ ಹಾಕಿಕೊಟ್ಟ ನೇಮ. ಕೊನೆಗೆ ತಟ್ಟೆಗೆ ನೀರು ಹಾಕಿ, ಬೆರಳಿನಿಂದ ತೊಳೆದು, ಆ ನೀರನ್ನೂ ಕುಡಿದ. ನಾನು ಎದುರಿನಲ್ಲಿ ನನ್ನ ಡಬ್ಬಿ ಬಿಚ್ಚಿಕೊಂಡು ಕೂತಿದ್ದೆ.

ಕಾರಿನಲ್ಲಿ ಕೇಳಿದೆ. ಹೊಸ ಬೂಟು ಕಚ್ಚಿರಬೇಕು, ನೋವೇ ಇಲ್ಲ ಎಂದ. ನೋವಿಲ್ಲ ಎಂದದ್ದಕ್ಕೇ ನನಗೆ ಹೆದರಿಕೆಯಾಯಿತು.

ತಿಂದದ್ದು: ಪನೀರು, ಸೌತೆಕಾಯಿ, ಬಾದಾಮಿ. ಅನ್ನ ಇಲ್ಲ, ಹೋಳಿಗೆ ಇಲ್ಲ.

೧೧ ಫೆಬ್ರವರಿ

ಅವನನ್ನು ಎಳೆದುಕೊಂಡು ಡಾಕ್ಟರ ಹತ್ತಿರ ಹೋದೆ. ಸಕ್ಕರೆ ಕಾಲಿನ ನರ ತಿಂದುಹಾಕಿದೆಯಂತೆ, ಅದಕ್ಕೇ ನೋವಿಲ್ಲ. ಸಕ್ಕರೆ ಇಳಿಯದಿದ್ದರೆ ಹುಣ್ಣು ಮಾಯುವುದಿಲ್ಲ. ಮಾಯದಿದ್ದರೆ ಮೊದಲು ಬೆರಳು, ಆಮೇಲೆ ಎಲ್ಲಿಯವರೆಗೆ ಎಂದು ಈಗಲೇ ಹೇಳಲಾಗದು ಎಂದರು. ಚನ್ನಬಸಯ್ಯ ನಕ್ಕು, ಕಿರುಬೆರಳಿನಿಂದ ಏನು ಕೆಲಸವಿದೆ ಎಂದು ನನ್ನನ್ನು ಕನ್ನಡದಲ್ಲಿ ಕೇಳಿದ. ನಗು ಬರಲಿಲ್ಲ.

ಅನ್ನ ರೊಟ್ಟಿ ಇಳಿಸುವುದು ಒಳ್ಳೆಯದೇ, ಆದರೆ ಗುಳಿಗೆಯ ಅಳತೆಯನ್ನು ತಾನೇ ನೋಡಿ ಬದಲಿಸುತ್ತೇನೆ ಎಂದರು ಡಾಕ್ಟರು. ಹೊರಡುವಾಗ ನರ್ಸ್ ನನ್ನನ್ನು ಪಕ್ಕಕ್ಕೆ ಕರೆದು ಒಂದು ಮಾತು ಹೇಳಿದಳು: ಅವರನ್ನು ಹೆದರಿಸಬೇಡಿ, ಒಂದು ಸಲಕ್ಕೆ ಒಂದೇ ಬದಲಾವಣೆ, ಅದು ರೂಢಿಯಾದ ಮೇಲೆ ಇನ್ನೊಂದು, ಎಲ್ಲ ಒಟ್ಟಿಗೆ ಹೇರಿದರೆ ಮನುಷ್ಯ ಓಡಿಹೋಗುತ್ತಾನೆ.

ಹಾಗೇ ಮಾಡುತ್ತೇನೆ ಎಂದು ಮನೆಗೆ ಬಂದು ಊರ್ಮಿಳಾಗೆ ಹೇಳಿದೆ. ನನ್ನ ಹೆಂಡತಿಗೆ ನನ್ನ ಮೇಲೆ ಅಂಥ ನಂಬಿಕೆ ಇಲ್ಲ. "ನೀವು ಅನ್ನ ಬಿಟ್ಟಾಗಿಂದ ಈ ಮನ್ಯಾಗ ಅನ್ನದ ಮಾತ ಹೆಚ್ಚಾಗೇತ್ರಿ" ಎಂದಳು.

ತಿಂದದ್ದು: ಹೂಕೋಸಿನ ಪಲ್ಯ, ಮೊಸರು, ಶೇಂಗಾ.

೧೫ ಫೆಬ್ರವರಿ

ಚಹಾದ ಸಕ್ಕರೆ ಒಂದನ್ನೇ ಬಿಡಿಸಿ ಬರೋಣವೆಂದು ಅವನ ಮನೆಗೆ ಹೋದೆ. ಹೆಂಡತಿ ಅನ್ನಪೂರ್ಣಾ ತೀರಿಕೊಂಡ ಮೇಲೆ ಅಲ್ಲಿ ಅವನೊಬ್ಬನೇ. ಹೋದವನು ಅವನ ಅಡುಗೆಮನೆಯ ಕಪಾಟು ತೆಗೆದೆ. ಅವಲಕ್ಕಿ, ಚುರುಮುರಿ, ಬಿಸ್ಕತ್ತು, ಅಕ್ಕಿಯ ಮೂಟೆ. ನನ್ನ ತಲೆ ಕೆಟ್ಟಿತು. ಒಂದೊಂದನ್ನೂ ಎತ್ತಿ ತೋರಿಸಿ, ಇದು ಹೊಟ್ಟೆಯೊಳಗೆ ಹೋಗಿ ಸಕ್ಕರೆಯೇ ಆಗುತ್ತದೆ ಎಂದು ಭಾಷಣ ಮಾಡಿದೆ. ಆಫೀಸಿನಲ್ಲಿ ಪ್ರಿಂಟ್ ತೆಗೆದ ಹಾಳೆಗಳನ್ನು ಫ್ರಿಜ್ಜಿಗೆ ಅಂಟಿಸಿದೆ. ಅವನು ಹೌದಪ್ಪಾ, ಹೌದಪ್ಪಾ ಎನ್ನುತ್ತ ಎರಡು ಕಪ್ ಚಹಾ ಮಾಡಿದ; ನನ್ನದಕ್ಕೆ ಸಕ್ಕರೆ ಇಲ್ಲ, ಅವನದಕ್ಕೆ ಎಂದಿನಷ್ಟು.

ತಿಂದದ್ದು: ನಿನ್ನೆಯದೇ.

೬ ಮಾರ್ಚ್

ಊರ್ಮಿಳಾ ಬೈದ ಮೇಲೆ ಬಾಯಿ ಮುಚ್ಚಿಕೊಂಡು ಬರೀ ಡಬ್ಬಿ ಒಯ್ಯುತ್ತಿದ್ದೇನೆ. ಎಣ್ಣೆಗಾಯಿ, ಪುಂಡಿಪಲ್ಯ, ಮೆಂತ್ಯ, ಗಟ್ಟಿ ಮೊಸರು, ಶೇಂಗಾ ಹಿಂಡಿ. ಇವೆಲ್ಲ ಅವನ ತಟ್ಟೆಯಲ್ಲಿ ಮೊದಲೂ ಇದ್ದವು, ಆದರೆ ರೊಟ್ಟಿಯ ಅಂಚಿಗೆ ಕೂತಿದ್ದವು. ಹೊಸ ಅಡುಗೆ ಕಲಿಸಬೇಕಾಗಿಲ್ಲ, ಅಳತೆ ತಿರುಗಿಸಿದರೆ ಸಾಕು ಎಂಬುದು ಇಷ್ಟು ಓದಿದ ನನಗೇ ಹೊಳೆದಿರಲಿಲ್ಲ. ಈಗ ಒಂದೇ ರೊಟ್ಟಿ. ಇವತ್ತು ಅವನೇ ಅಂದ, "ಪಲ್ಯ ರೊಟ್ಟಿ ಆತು, ರೊಟ್ಟಿ ಉಪ್ಪಿನಕಾಯಿ ಆತು ನೋಡೋ ಶಶಿ."

ಶುಕ್ರವಾರದ ಹೊತ್ತಿಗೆ ಸಕ್ಕರೆ ಇಳಿದಿರುತ್ತದೆ. ಸೋಮವಾರ ನೋಡಿದರೆ ಮತ್ತೆ ಮೇಲೆ. ಶನಿವಾರ, ಭಾನುವಾರ ಪೂಜೆಗೆ ಕರೆಯುವ ಮನೆಗಳೆಲ್ಲ ಕೂಡಿ ನನ್ನ ಐದು ದಿನದ ಕೆಲಸ ತೊಳೆದುಹಾಕುತ್ತಿವೆ.

ತಿಂದದ್ದು: ಅವನ ಡಬ್ಬಿಯದೇ, ನಿಂತುಕೊಂಡು.

೧೪ ಮಾರ್ಚ್

ಬ್ಲ್ಯಾಕ್‌ಟೌನಿನಲ್ಲಿ ತೊಟ್ಟಿಲ ಕಾರ್ಯ. ದೂರದಿಂದ ಕೈಸನ್ನೆ ಮಾಡಿದೆ, ಕೆಮ್ಮಿದೆ. ಅವನು ನನ್ನ ಕಡೆ ನೋಡಲೇ ಇಲ್ಲ. ಬಾಣಂತಿಯ ತಾಯಿ ಬಡಿಸುತ್ತಲೇ ಹೋದರು, ಅವನು ಉಣ್ಣುತ್ತಲೇ ಹೋದ.

ವಾಪಸು ಬರುವಾಗ ಜಗಳವಾಡಿದೆ. ಸಾಕು ಎನ್ನಲು ನಾಲಿಗೆಗೆ ಏನಾಗಿದೆ ಎಂದು ಕೇಳಿದೆ. "ಬಡಿಸೋ ಕೈ ತಡದ್ರ, ಆ ತಾಯಿ ಮಾರಿ ನೋಡಬೇಕಾದಾಂವ ನಾನಲ್ಲೇನೋ" ಎಂದ. ಅಪ್ಪನ ಮಾತು ಹೀಗಿತ್ತು, ಅಜ್ಜನ ಮಾತು ಹಾಗಿತ್ತು ಎಂದು ಏನೇನೋ ಹೇಳಿದ. ನಾನು ಕೇಳಲಿಲ್ಲ. ಹುಣ್ಣು ಆಳವಾಗಿದೆ ಎಂದು ನರ್ಸ್ ಹೇಳಿದ್ದು ತಲೆಯಲ್ಲಿ ಕೂತಿತ್ತು. ಅವನ ಕಾಲು ಹೋಗುತ್ತದೆ, ನಾನು ನೋಡುತ್ತ ಕೂತಿರುತ್ತೇನೆ.

೧೭ ಮಾರ್ಚ್

ಇವತ್ತು ಊಟದ ಬಿಡುವಿನಲ್ಲಿ, ಮ್ಯಾಕ್ವೆರಿ ಪಾರ್ಕಿನ ಆಫೀಸಿನ ಕಾರ್ ಪಾರ್ಕಿನಲ್ಲಿ ಕೂತು ಒಂದೊಂದೇ ಮನೆಗೆ ಫೋನು ಮಾಡಿದೆ. ಅವನಿಗೆ ಸಕ್ಕರೆ ಇದೆ, ಕಾಲಿಗೆ ಹುಣ್ಣಾಗಿದೆ, ಕಾಲು ಹೋಗುವ ಹಾಗಿದೆ, ದಯವಿಟ್ಟು ಸಿಹಿ ಬಡಿಸಬೇಡಿ, ಅನ್ನ ಒಂದು ಮುಷ್ಟಿ ಸಾಕು, ನಾನು ಹೇಳಿದೆ ಎಂದು ಅವನಿಗೆ ಗೊತ್ತಾಗುವುದು ಬೇಡ. ಎಲ್ಲರೂ ಅಯ್ಯೋ ಪಾಪ ಎಂದರು. ಸಂಧ್ಯಾರಾಣಿ ಅತ್ತೇಬಿಟ್ಟರು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಇದಕ್ಕಿಂತ ಒಳ್ಳೆಯ ದಾರಿ ಇರಲಿಲ್ಲ.

ಊರ್ಮಿಳಾ ಮಾತ್ರ, "ಅವರನ್ನ ಒಂದ ಮಾತ ಕೇಳೀರೇನ್ರಿ?" ಎಂದಳು. ಅವನ ಮೇಲೆ ಹೇರಬಾರದೆಂದು ನರ್ಸ್ ಹೇಳಿದ್ದಾಳೆ, ಊರ ಮೇಲೆ ಹೇರಬಾರದೆಂದು ಹೇಳಿಲ್ಲ ಎಂದೆ. ಅವಳು ನಗಲಿಲ್ಲ.

ತಿಂದದ್ದು: ಬಾದಾಮಿ ಒಂದು ಹಿಡಿ.

೨೯ ಮಾರ್ಚ್

ಸೋಮವಾರ ಬೆಳಿಗ್ಗೆಯ ಸಕ್ಕರೆ ಇಷ್ಟು ಕಡಿಮೆ ಯಾವತ್ತೂ ಬಂದಿರಲಿಲ್ಲ. ಡಾಕ್ಟರು ಒಂದು ಗುಳಿಗೆ ಇಳಿಸಿದರು. ಗೆದ್ದೆ.

೪ ಏಪ್ರಿಲ್

ಪೆಂಡಲ್ ಹಿಲ್‌ನ ಅಂಗಡಿಗೆ ಹೋದವನು ಹಾಗೇ ಅವನ ಮನೆಗೆ ಹೋದೆ. ಭಾನುವಾರ. ಇಸ್ತ್ರಿ ಮಾಡಿದ ಧೋತರ ಉಟ್ಟು, ಹಣೆಗೆ ವಿಭೂತಿ ಹಚ್ಚಿಕೊಂಡು, ಫೋನಿನ ಪಕ್ಕದ ಕುರ್ಚಿಯಲ್ಲಿ ಕೂತಿದ್ದ. ಎಲ್ಲಿಗಾದರೂ ಹೊರಟಿದ್ದೀಯಾ ಎಂದೆ. ಇಲ್ಲ ಎಂದ. ಯುಗಾದಿಗೂ ಯಾರೂ ಕರೆಯಲಿಲ್ಲ, ಮಂದಿಗೆ ಕೆಲಸ ಜಾಸ್ತಿಯಾಗಿರಬೇಕು ಎಂದ. ನಿನ್ನ ಕಾಲಿಗೆ ಒಳ್ಳೆಯದೇ ಆಯಿತಲ್ಲ ಎಂದೆ.

ಅಡುಗೆ ಮಾಡಿರಲಿಲ್ಲ. ಶುಕ್ರವಾರ ನಾನು ತಂದಿಟ್ಟ ಡಬ್ಬಿ ಫ್ರಿಜ್ಜಿನಲ್ಲಿ ಹಾಗೇ ಇತ್ತು. ಸಕ್ಕರೆ ಇಳಿದದ್ದು ಯಾಕೆ ಎಂದು ಆಗ ಗೊತ್ತಾಯಿತು. ಅವನು ಉಣ್ಣುತ್ತಲೇ ಇಲ್ಲ. ಹುಣ್ಣು ಮೊದಲು ಹೇಗಿತ್ತೋ ಹಾಗೇ ಇದೆ.

೮ ಏಪ್ರಿಲ್

ಸಂಧ್ಯಾರಾಣಿ ಫೋನು ಮಾಡಿದ್ದರಂತೆ. ಊರ್ಮಿಳಾ ಹೇಳಿದಳು. ಅಯ್ಯನವರನ್ನು ಕರೆದು ಅರ್ಧ ತಟ್ಟೆ ಬಡಿಸಲು ಯಾರಿಗೂ ಮನಸ್ಸು ಬರುತ್ತಿಲ್ಲ. ಹುಣ್ಣಿರುವ ಕಾಲಿಗೆ ನೀರು ಹಾಕಿ ಹೆಚ್ಚುಕಡಿಮೆಯಾದರೆ ಎಂದು ಹೆದರಿಕೆ ಬೇರೆ. ಅವರಿಗೆ ತೊಂದರೆ ಕೊಡುವುದು ಬೇಡವೆಂದು ಎಲ್ಲರೂ ಮಾತಾಡಿಕೊಂಡು ಮನೆಮನೆಯಲ್ಲಿ ಮಂತ್ರದ ಸಿಡಿ ಹಾಕಿ ಪೂಜೆ ಮುಗಿಸುತ್ತಿದ್ದಾರೆ. ಯಾರದೂ ಕೆಟ್ಟ ಮನಸ್ಸಲ್ಲ. ಅದೇ ದೊಡ್ಡ ಕಷ್ಟ, ಯಾರನ್ನೂ ಬೈಯುವ ಹಾಗಿಲ್ಲ, ನನ್ನನ್ನು ಬಿಟ್ಟು.

ನಾಳೆಯೇ ಹೋಗಿ ಅವನಿಗೆ ಹೇಳಿಬಿಡುತ್ತೇನೆ.

೯ ಏಪ್ರಿಲ್

ಹೇಳಲಿಲ್ಲ. ಚಹಾ ಕುಡಿದು ಬಂದೆ. ಇಬ್ಬರದಕ್ಕೂ ಸಕ್ಕರೆ ಹಾಕಿರಲಿಲ್ಲ.

೧೧ ಏಪ್ರಿಲ್

ಅವನಿಗೆ ಗೊತ್ತಾಗಿದೆ. ಅವನೇ ಮೂರ್ತಿಯವರ ಮನೆಗೆ ಫೋನು ಮಾಡಿ, ಎಲ್ಲ ಆರಾಮವೇ, ಬಹಳ ದಿನವಾಯಿತು ಎಂದು ವಿಚಾರಿಸಿದನಂತೆ. ಸಂಧ್ಯಾರಾಣಿಯವರಿಗೆ ಸುಳ್ಳು ಹೇಳಲು ಬರುವುದಿಲ್ಲ. ಆಗಿನಿಂದ ನನ್ನ ಫೋನು ಎತ್ತುತ್ತಿಲ್ಲ.

೧೨ ಏಪ್ರಿಲ್

ಎತ್ತುತ್ತಿಲ್ಲ.

೧೩ ಏಪ್ರಿಲ್

ಮನೆಗೆ ಬೀಗ. ಸೂಟ್‌ಕೇಸ್ ಹಿಡಿದುಕೊಂಡು ಟ್ಯಾಕ್ಸಿಯಲ್ಲಿ ಹೋದರು ಎಂದು ಪಕ್ಕದ ಮನೆಯ ಮುದುಕಿ ಹೇಳಿದಳು. ಮೆಲ್ಬರ್ನಿನಲ್ಲಿ ಮಗಳು ರುದ್ರಾಣಿ ಇದ್ದಾಳೆ, ಅಲ್ಲಿಗೇ ಹೋಗಿರಬೇಕು. ಬಾಗಿಲ ಹತ್ತಿರ ಅವನ ಕೆಲಸದ ಬೂಟು ಇತ್ತು. ನೋಡಿ ಕಾರಿನಲ್ಲಿ ಕೂತು ಅತ್ತೆ. ಒಂದು ಸಲಕ್ಕೆ ಒಂದೇ ಬದಲಾವಣೆ ಎಂದವನು ಅವನ ಬದುಕನ್ನೆಲ್ಲ ಒಂದೇ ಮಧ್ಯಾಹ್ನದಲ್ಲಿ ಬದಲಿಸಿಬಿಟ್ಟೆ.

೨೨ ಏಪ್ರಿಲ್

ರುದ್ರಾಣಿಯ ಫೋನು ಬಂತು. "ಅಂಕಲ್, ಅಪ್ಪಂಗೆ ಹೈ ಫೀವರ್ ಇದೆ. ಫುಟ್ ಪೂರಾ ಸ್ವೆಲ್ ಆಗಿದೆ. ನಾನು ಆಂಬುಲೆನ್ಸ್ ಕರೆದೆ, ಪ್ಲೀಸ್ ಬನ್ನಿ" ಎಂದಳು. ಬಂದಾಗಿನಿಂದ ಬ್ರೆಡ್ಡು, ಜಾಮು, ಅನ್ನ, ಸಿಕ್ಕಿದ್ದು ತಿನ್ನುತ್ತಿದ್ದನಂತೆ. ಬೇಡವೆಂದರೆ, ಇನ್ನು ಈ ಕಾಲು ಯಾರಿಗೆ ಬೇಕಾಗಿದೆ ಎನ್ನುತ್ತಿದ್ದನಂತೆ.

ನಾಳೆ ಮೊದಲ ವಿಮಾನ. ಇವತ್ತು ಬಸವ ಜಯಂತಿ ಎಂದು ಟಿಕೆಟ್ ಬುಕ್ ಮಾಡಿದ ಮೇಲೆ ನೆನಪಾಯಿತು.

೨೩ ಏಪ್ರಿಲ್. ಮೆಲ್ಬರ್ನ್

ನಾನು ಬರುವಷ್ಟರಲ್ಲಿ ಎರಡು ಬೆರಳು ತೆಗೆದಿದ್ದರು. ಸೋಂಕು ಮೇಲೇರಿದರೆ ಮೊಣಕಾಲ ಕೆಳಗೆ ಕತ್ತರಿಸಬೇಕಾಗುತ್ತದೆ ಎಂದು ಸರ್ಜನ್ ಕಾರಿಡಾರಿನಲ್ಲೇ ಹೇಳಿದರು. ಒಳಗೆ ಹೋದೆ. ನನ್ನನ್ನು ನೋಡಿ ಗೋಡೆಯ ಕಡೆಗೆ ಹೊರಳಿದ.

೨೫ ಏಪ್ರಿಲ್

ಎರಡು ದಿನ ಕುರ್ಚಿಯಲ್ಲಿ ಕೂತೆ, ಮಾತಿಲ್ಲ. ಇವತ್ತು ಊಟದ ಟ್ರೇ ಬಂತು: ಬಿಳಿ ಬ್ರೆಡ್ಡು, ಅರೆದ ಆಲೂಗಡ್ಡೆ, ಜೆಲ್ಲಿ. ಬಾಯಿ ತಡೆಯಲಾಗದೆ, ಇದನ್ನು ತಿನ್ನಬೇಡವೋ ಎಂದೆ. ಅವನು ಟ್ರೇ ಸರಿಸಿ ನನ್ನ ಕಡೆ ತಿರುಗಿದ.

"ಸಿಡ್ನಿ ತುಂಬ ಎಲ್ಲಾರಿಗೂ ಹೇಳೀದಿ. ನನಗೊಬ್ಬಂವಗ ಹೇಳಲಿಲ್ಲ."

ನಿನಗೆ ದಿನಾ ಹೇಳಿದ್ದೆನಲ್ಲ ಎಂದೆ.

"ತಿನಬ್ಯಾಡ ಅಂತ ಹೇಳೀದಿ. ಅವರಿಗೆ ಫೋನ್ ಮಾಡ್ತೀನಿ ಅಂತ ಹೇಳಲಿಲ್ಲ. ವಾರಪೂರ್ತಿ ನಾ ಪೆಟಗಿ ಎತ್ತತೀನಿ, ನನ್ನ ಹೆಸರ ಸೈತ ಯಾರಿಗೂ ಬರೂದಿಲ್ಲ. ಅನ್ನಪೂರ್ಣಾ ಹೋದಮ್ಯಾಲ ನಾ ಮಂದಿ ಜೋಡಿ ಕುಂತು ಉಣ್ಣೂದು ಅಂದ್ರ ಆ ಮನಿಗೋಳಾಗ ಅಷ್ಟ. ನೀ ಕುಂತು ಹೋಳಿಗಿ ಎಣಿಸೀದಿ."

ನಿನ್ನ ಕಾಲು ಉಳಿಯಲೆಂದು ಮಾಡಿದೆ ಎಂದೆ. ಅದೂ ಗೊತ್ತು ಎಂದ. ಮತ್ತೆ ಗೋಡೆಗೆ ಹೊರಳಿದ.

ನಾನು ಹೊರಗೆ ಬಂದು ಕಾರಿಡಾರಿನ ಕೊನೆಯ ಕಿಟಕಿಯ ಹತ್ತಿರ ನಿಂತೆ. ಆ ಮನೆಗಳಲ್ಲಿ ಎಲ್ಲರ ಮಧ್ಯೆ ನಾನು ಡಬ್ಬಿ ಬಿಚ್ಚಿಕೊಂಡು ಕೂರುತ್ತಿದ್ದೆ. ಎಷ್ಟೋ ಸಲ ಅವನ ಎದುರಿಗೇ ಕೂತಿದ್ದೆ. ಒಂದು ಸಲವೂ ಅವನ ಜೊತೆ ಉಂಡಿಲ್ಲ.

೨೮ ಏಪ್ರಿಲ್

ಜ್ವರ ಬಿಟ್ಟಿಲ್ಲ. ರುದ್ರಾಣಿಯ ಕ್ಲೇಟನ್ ಮನೆಯಲ್ಲಿ ಎಣ್ಣೆಗಾಯಿ ಮಾಡಿದೆ. ನನಗೆ ಅಡುಗೆ ಬರುವುದಿಲ್ಲ. ಊರ್ಮಿಳಾ ಫೋನಿನಲ್ಲಿ ಹೇಳುತ್ತ ಹೋದಳು, ಮಗಳು ಬದನೆಕಾಯಿ ಸೀಳಿದಳು. ತಳ ಹತ್ತಿತು. ಡಬ್ಬಿಗೆ ಹಾಕಿ, ಮೊಸರಿನ ಜೊತೆ ಅವನ ಹಾಸಿಗೆಯ ಪಕ್ಕ ಇಟ್ಟೆ. ಒಂದು ಮಾತೂ ಆಡದೆ ಹೊರಗೆ ಹೋಗಿ ಕೂತೆ. ಒಂದು ಸಲಕ್ಕೆ ಒಂದು ಎಂದರೆ ಇದೇ ಇರಬೇಕು.

ತಿರುಗಿ ಬಂದಾಗ ಡಬ್ಬಿ ಖಾಲಿಯಾಗಿತ್ತು. ನೀರು ಹಾಕಿ ತೊಳೆದು ಕುಡಿದಿದ್ದ.

೩ ಮೇ

ಜ್ವರ ಇಳಿಯಿತು. ಕಾಲು ಸದ್ಯಕ್ಕೆ ಉಳಿಯಿತು ಎಂದರು ಸರ್ಜನ್. ಸದ್ಯಕ್ಕೆ ಎಂಬ ಮಾತನ್ನು ಒತ್ತಿ ಹೇಳಿದರು.

ಅವನು ನನ್ನನ್ನು ಕರೆದು, ಬದನೆಕಾಯಿ ಹೊತ್ತಿತ್ತು ಎಂದ. ನಾಳೆ ಸರಿಯಾಗಿ ಮಾಡುತ್ತೇನೆ ಎಂದೆ. "ಮಾಡು. ಆದ್ರ ನೀನೂ ಇಲ್ಲೇ ಕುಂತು ಉಣ್ಣು. ಒಬ್ಬನ ಉಣ್ಣಾಕ ನಾ ಒಲ್ಲೆ" ಎಂದ. ಮೂರು ವಾರದಲ್ಲಿ ನನ್ನನ್ನು ಅವನು ಕೇಳಿದ್ದು ಇದೊಂದೇ.

೩೦ ಮೇ, ಭಾನುವಾರ. ಸಿಡ್ನಿ

ಬಹಳ ದಿನ ಬರೆದಿಲ್ಲ. ಅವನ ಊಟ, ಡ್ರೆಸ್ಸಿಂಗು, ಆಫೀಸು. ಬಾಕಿ ಬೆರಳುಗಳಲ್ಲಿ ಒಂದರ ಬಣ್ಣ ನರ್ಸಿಗೆ ಸರಿ ಕಾಣುತ್ತಿಲ್ಲ. ನಾಳೆ ಮತ್ತೆ ಬರಲು ಹೇಳಿದ್ದಾಳೆ. ಅದಕ್ಕೇ ಪೂಜೆ ಇವತ್ತೇ ಆಗಲಿ ಎಂದೆ ಊರ್ಮಿಳಾಗೆ.

ಈ ದೇಶಕ್ಕೆ ಬಂದ ಮೇಲೆ ನಮ್ಮ ಮನೆಯಲ್ಲಿ ಅವನ ಪಾದಪೂಜೆ ಆಗಿದ್ದೇ ಇಲ್ಲ. ಇವತ್ತು ನಾನೇ ಕರೆದೆ. ಮೂರ್ತಿ ದಂಪತಿಯನ್ನೂ, ಬ್ಲ್ಯಾಕ್‌ಟೌನಿನವರನ್ನೂ ಕರೆದೆ. ಎಲ್ಲರೂ ಬಂದು ಕೂತ ಮೇಲೆ, ಅಯ್ಯನವರನ್ನು ಕೇಳದೆ ನಿಮಗೆಲ್ಲ ಫೋನು ಮಾಡಿದ್ದು ನನ್ನ ತಪ್ಪು, ಇನ್ನು ಅವರ ಊಟದ ಮಾತು ಅವರೇ ಆಡುತ್ತಾರೆ ಎಂದು ಅವನ ಮುಂದೆಯೇ ಹೇಳಿದೆ. ಮೂರ್ತಿಯವರು ಏನೋ ಸಮಾಧಾನ ಹೇಳಲು ಬಂದರು, ಊರ್ಮಿಳಾ ತಂಬಿಗೆ ತಂದು ನನ್ನ ಕೈಗಿಟ್ಟಳು.

ಎಡಗಾಲಿಗೆ ನೀರು ಹಾಕಿದೆ. ಬಲಗಾಲು ನೆನೆಯಬಾರದು. ಪಟ್ಟಿ ಕಟ್ಟಿದ ಆ ಕಾಲನ್ನು ಅವನೇ ಮುಂದೆ ಚಾಚಿದ. ಎಲ್ಲರೂ ನೋಡುತ್ತಿದ್ದಾರಲ್ಲ ಎಂದು ನಾನು, ಬೆರಳಿಲ್ಲದ ಜಾಗ ಮುಚ್ಚುವ ಹಾಗೆ ಒಂದು ದಾಸವಾಳ ಇಟ್ಟೆ. ಅವನು ಬಗ್ಗಿ ಆ ಹೂವನ್ನು ತೆಗೆದು ಎಡಗಾಲಿನ ಮೇಲೆ ಇಟ್ಟುಕೊಂಡ. "ಕಾಣಲಿ ಬಿಡೋ" ಎಂದ. ನಾನು ಆ ಪಟ್ಟಿಯ ಮೇಲೆಯೇ ಹಣೆ ಇಟ್ಟೆ.

ಊಟಕ್ಕೆ ಕೂತೆವು, ನಾನು ಅವನ ಪಕ್ಕದಲ್ಲಿ. ತಟ್ಟೆ ತುಂಬ ಎಣ್ಣೆಗಾಯಿ, ಪುಂಡಿಪಲ್ಯ, ಮೊಸರು, ಅಂಚಿಗೆ ರೊಟ್ಟಿಯ ಒಂದು ತುಂಡು. ಸಂಧ್ಯಾರಾಣಿ ತಮ್ಮ ಮನೆಯಿಂದ ಹೋಳಿಗೆ ಮಾಡಿಕೊಂಡು ಬಂದಿದ್ದರು. ತರದೆ ಇರಲು ಅವರಿಗೆ ಆಗಲಿಲ್ಲವಂತೆ. ಹೋಳಿಗೆ ಹಿಡಿದು ಅವನ ಮುಂದೆ ಬಂದವರು ನಿಂತೇಬಿಟ್ಟರು. ಹಾಕಲೂ ಆಗದು, ಹಿಂದೆ ಹೋಗಲೂ ಆಗದು. ಬೇಡ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂತು. ಹಲ್ಲು ಕಚ್ಚಿ ಕೂತೆ.

ಅವನು ನಕ್ಕು, "ಹಾಕವಾ, ಒಂದು" ಎಂದ. ಅವರು ಹಾಕಿದರು. ಎಂದಿನ ಹಾಗೆ ಕೈ ಮತ್ತೊಂದಕ್ಕೆ ಹೋಯಿತು. ಅವನು ತಟ್ಟೆಯ ಮೇಲೆ ಅಂಗೈ ಅಡ್ಡ ಹಿಡಿದ.

"ಸಾಕವಾ."

ಅವನ ಬಾಯಲ್ಲಿ ಆ ಮಾತನ್ನು ಯಾರೂ ಕೇಳಿರಲಿಲ್ಲ. ಸಂಧ್ಯಾರಾಣಿ ಅವನ ಮುಖ ನೋಡಿದರು, ಆಮೇಲೆ, ಹೂನ್ರೀ ಅಯ್ಯಾರ ಎಂದು ಮುಂದಿನ ತಟ್ಟೆಗೆ ಹೋದರು. ಏನೂ ಆಗಲಿಲ್ಲ. ಎಲ್ಲರೂ ಮತ್ತೆ ಮಾತಾಡತೊಡಗಿದರು, ಬ್ಲ್ಯಾಕ್‌ಟೌನಿನವರು ಮಗುವಿನ ಜವಳ ಯಾವಾಗ ಇಟ್ಟುಕೊಳ್ಳಬೇಕೆಂದು ಅವನನ್ನು ಕೇಳಿದರು. ಅವನು ಹೋಳಿಗೆಯನ್ನು ನಡುವೆ ಮುರಿದು ಅರ್ಧ ನನ್ನ ತಟ್ಟೆಗೆ ಹಾಕಿದ. ನಾನು ತಿಂದೆ.

ನಾಳೆ ಆ ಬೆರಳು ನೋಡಿ ಏನು ಹೇಳುತ್ತಾರೋ.

ಎಲ್ಲರೂ ಹೋದ ಮೇಲೆ ಪಾತ್ರೆ ತೊಳೆಯುತ್ತಿದ್ದ ಊರ್ಮಿಳಾ ಅಡುಗೆಮನೆಯಿಂದಲೇ ನನ್ನ ತಟ್ಟೆ ಎತ್ತಿ ತೋರಿಸಿದಳು. "ಇದನ್ನ ಯಾರು ತೊಳದು ಇಟ್ಟಾರ್ರಿ?" ಎಂದಳು. ನನಗೇನು ಗೊತ್ತು. ಚನ್ನಬಸಯ್ಯ ತಟ್ಟೆಗೆ ನೀರು ಹಾಕಿಕೊಂಡದ್ದು, ಅವನ ಜೊತೆ ಉಂಡು ಎದ್ದದ್ದು, ಅಷ್ಟೇ ನನಗೆ ನೆನಪು.